ಹೊಳೆಯಬಾರದ ಟ್ಯಾಂಕು

ಮಸ್ಕಿಯ ನನ್ನ ಟ್ರ್ಯಾಕ್ಟರ್ ಪೇಂಟಿಂಗ್ ಅಂಗಡಿಗೆ ಒಬ್ಬ ಮಿಲಿಟರಿ ಕಾಕಾ ಬರುತ್ತಿದ್ದರು. ಯುದ್ಧದಲ್ಲಿ ತಾವು ಓಡಿಸಿದ ಟ್ಯಾಂಕನ್ನೇ ಎಣ್ಣೆ ಡಬ್ಬಿಯ ತಗಡಿನಲ್ಲಿ ಮೊಳದುದ್ದ ಮಾಡಿ, ಬಣ್ಣ ಹಚ್ಚಿಸಲು ತಂದಿದ್ದರು. ಗಾಲಿಪಟ್ಟಿಗೆ ಸೈಕಲ್ ಚೈನು. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು, ಆದರೆ ನನ್ನ ಕೈಯ ಹೊಳಪಿಗೆ ಸಿಂಧನೂರಿನ ತನಕ ಹೆಸರಿತ್ತು. ಹಸಿರು ಹೊಡೆದು ಕನ್ನಡಿಯಂತೆ ಮಾಡಿದೆ.

ಕಾಕಾ ಮುಖ ಸಣ್ಣದು ಮಾಡಿದರು. "ಹೊಳೀಬಾರ್ದೋ ತಮ್ಮಾ. ಹೊಳೆದ್ರ ದುಶ್ಮನ್‌ಗೆ ಕಾಣ್ತೀವಿ."

"ಮಸ್ಕ್ಯಾಗ ಯಾವ ದುಶ್ಮನ್ ಬರ್ತಾನ್ರೀ ಕಾಕಾ?" ಎಂದು ನಕ್ಕೆ.

"ಒಳಗ ನಾವು ನಾಲ್ಕು ಮಂದಿ ಅದೀವಲ್ಲೋ."

ಆ ನಾಲ್ವರಲ್ಲಿ ತಿರುಗಿ ಬಂದವರು ಕಾಕಾ ಒಬ್ಬರೇ. ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಹಸಿ ಬಣ್ಣಕ್ಕೆ ಎರೆಮಣ್ಣಿನ ಧೂಳನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರು.

ಈಗ ಕಾಕಾ ಇಲ್ಲ. ಟ್ಯಾಂಕು ನನ್ನ ಅಂಗಡಿಯಲ್ಲಿದೆ. ಆಯುಧಪೂಜೆಗೆ ಎಲ್ಲವನ್ನೂ ಒರೆಸುತ್ತೇನೆ, ಅದಕ್ಕೆ ಮಾತ್ರ ಬಟ್ಟೆ ತಾಗಿಸುವುದಿಲ್ಲ. ಒಳಗೆ ನಾಲ್ಕು ಮಂದಿ ಇದ್ದಾರೆ.