ಮಾವನ ಬಂದೂಕಿನ ಕುದುರೆ

ನನ್ನ ಕೊಡೆ ಮಹಾ ಹಟಮಾರಿ. ಹಿಡಿಕೆಯ ಬಳಿಯ ಗುಂಡಿಯನ್ನು ಹೆಬ್ಬೆರಳು ಕೆಂಪಾಗುವಷ್ಟು ಒತ್ತಿದರೂ ಬಿಚ್ಚಿಕೊಳ್ಳದು. ಬಿಚ್ಚಿಕೊಳ್ಳುವ ಹೊತ್ತಿಗೆ ನಮ್ಮ ರಾಯದುರ್ಗದ ಮಳೆ ನಿಂತೇ ಹೋಗಿರುತ್ತದೆ. ಕೊಡೆ ರಿಪೇರಿಯ ಸಾಬರು ಮೊನ್ನೆ ಅದನ್ನು ತಿರುಗಿಸಿ ನೋಡಿ, "ಸಡಿಲ ಮಾಡಿ ಕೊಡ್ತೀನ್ರಿ, ಮುಟ್ಟಿದ್ರ ಬಿಚ್ಚಬೇಕು" ಎಂದಾಗ ನನಗೆ ಗುಡಿಬಂಡೆಯ ಸೋದರಮಾವನ ಬಂದೂಕು ನೆನಪಾಯಿತು.

ನಮ್ಮ ಸೀಮೆಯೆಲ್ಲ ಮದರಾಸಿಗೆ ಸೇರಿದ್ದ ಕಾಲದಲ್ಲಿ, ಕಡಲೆಕಾಯಿ ಹೊಲಕ್ಕೆ ನುಗ್ಗುವ ಹಂದಿಗಳಿಗಾಗಿ ಆ ಸರ್ಕಾರದ ಲೈಸೆನ್ಸು ಪಡೆದು ಇಟ್ಟುಕೊಂಡಿದ್ದ ಬಂದೂಕು ಅದು. ಗುಂಡು ಹಾರಿಸಲು ಬೆರಳಿನಿಂದ ಎಳೆಯುವ ಕೀಲಿಗೆ ನಮ್ಮಲ್ಲಿ ಕುದುರೆ ಎನ್ನುತ್ತಾರೆ. ಎರಡು ಬಗೆಯ ಕುದುರೆಗಳಿಂದಲೂ ದೂರವಿದ್ದವನು ನಾನು; ಆದರೂ ಲಕ್ಷಣ ಹೇಳಲು ಅಡ್ಡಿಯೇನು? ಒಳ್ಳೆಯ ಕುದುರೆ ಬೆಣ್ಣೆಯಿಂದ ಕೂದಲು ತೆಗೆದಂತೆ ಬರಬೇಕು, ಎಳೆದರೆ ನಳಿಗೆ ಅಲುಗಬಾರದು ಎಂಬುದು ಮಾವನ ಸಿದ್ಧಾಂತ. ಕಂದಾಯದ ಲೆಕ್ಕ ನೋಡಲು ಜಮಾಬಂದಿಗೆ ಬಂದ ಬಿಳಿ ದೊರೆಯೊಬ್ಬ ತನ್ನ ಬಂದೂಕನ್ನು ಕೈಗೆ ಕೊಟ್ಟು ತೋರಿಸಿದ ಮೇಲಂತೂ ಆ ಮೃದುತ್ವದ ಗುಣಗಾನವೇ ಅವನ ನಿತ್ಯಪಾರಾಯಣವಾಯಿತು. ಮಾವನ ಬಂದೂಕಿನದನ್ನೋ, ಮೊಂಡು ಎತ್ತನ್ನು ಎಳೆದಂತೆ ಎಳೆಯಬೇಕು. ಇದಕ್ಕೆ ಕಾರಣ ಅವನ ಹೆಂಡತಿ, ನಮ್ಮತ್ತೆ. ಪ್ರತಿ ಆಯುಧಪೂಜೆಗೂ ಆಕೆ ಎಣ್ಣೆಯಲ್ಲಿ ಕಲಸಿದ ಅರಿಸಿನ ಕುಂಕುಮವನ್ನು ಬಂದೂಕಿಗೆ ಮೆತ್ತುತ್ತಿದ್ದಳು. ಆ ಭಕ್ತಿಯೆಲ್ಲ ಕುದುರೆಯ ಸಂದಿಯಲ್ಲಿ ಅಂಟಾಗಿ ಕೂತಿತ್ತು. ಹಚ್ಚಿದ ಕುಂಕುಮವನ್ನು ಒರೆಸುವುದುಂಟೇ ಎಂದು ಆಕೆ, ಒರೆಸಹೋದ ಮಾವನ ಕೈಯಿಂದ ಬಟ್ಟೆ ಕಿತ್ತುಕೊಳ್ಳುತ್ತಿದ್ದಳು.

ಒಂದು ಬೆಳಗ್ಗೆ ಬಿಗಿ ಕುದುರೆಯ ದೆಸೆಯಿಂದ ಹಂದಿ ಕೈತಪ್ಪಿತು. ಮಾವ ಅತ್ತೆಯ ಮೇಲೆ ಹರಿಹಾಯ್ದ. ಇವತ್ತು ಬುತ್ತಿ ತರುವುದಿಲ್ಲವೆಂದು ಅತ್ತೆಯೂ ಹೇಳಿಬಿಟ್ಟಳು. ಸಂಜೆ ಮಾವ ಹಸಿದುಕೊಂಡೇ ಹೊಲ ಕಾಯುತ್ತಿದ್ದ. ಜಿನುಗುಮಳೆ, ಮಬ್ಬು. ತೊಗರಿ ಸಾಲಿನ ಮಗ್ಗುಲಲ್ಲಿ ಕರ್ರಗೆ ಏನೋ ಬಗ್ಗಿ ಅಲುಗಿತು. ಗುರಿಯಿಟ್ಟು ಎಳೆದ. ಕುದುರೆ ಜಗ್ಗಲಿಲ್ಲ. ಇನ್ನಷ್ಟು ಬಲ ಹಾಕುವಷ್ಟರಲ್ಲಿ ಹಂದಿಯೇ ಮಾತಾಡಿತು.

"ಉಣ್ಣಾಕೆ ಬತ್ತೀರೋ, ಇಲ್ಲೇ ಇಟ್ಟೋಗ್ಲೋ?"

ಕರಿಕಂಬಳಿಯನ್ನು ಕೊಪ್ಪೆ ಮಾಡಿ ಹೊದ್ದು ಬುತ್ತಿ ತಂದಿದ್ದ ಅತ್ತೆ, ಕಾಲಿನ ಮುಳ್ಳು ಕೀಳಲು ಬಗ್ಗಿದ್ದಳು. ಮಾವ ಬಂದೂಕನ್ನು ಕೆಳಗಿಟ್ಟು ಬಂದು, ಆ ಮುಳ್ಳನ್ನು ತಾನೇ ಕಿತ್ತನಂತೆ.

ಆ ವರ್ಷದ ಆಯುಧಪೂಜೆಗೆ ನಾನೂ ಹೋಗಿದ್ದೆ. ಬೈಸಿಕೊಂಡದ್ದು ನೆನಪಿದ್ದ ಅತ್ತೆ ನಳಿಗೆಗೊಂದು ಬೊಟ್ಟಿಟ್ಟು ಹಿಂದೆ ಸರಿದಳು. ಮಾವ ತಲೆ ಎತ್ತದೆ, "ಕುದ್ರೆಗೂ ಬಳಿಯೇ" ಎಂದ. ಆಕೆ ಬಳಿದಳು. "ಇನ್ನೊಂಚೂರು" ಎಂದ.

ಕುದುರೆ ನಯವಾಗಿರಬೇಕು, ನಿಜ. ಮನಸ್ಸು ಬದಲಿಸಲು ಒಂದುಸಿರಿನ ಎಡೆಯನ್ನಾದರೂ ಅದು ಕೊಡಬೇಡವೇ? ನನ್ನ ನಾಲಿಗೆಗೂ ಕೊಂಚ ಅರಿಸಿನ ಮೆತ್ತಿದ್ದರೆ ಚೆನ್ನಾಗಿತ್ತೆಂಬುದು ನನ್ನಾಕೆಯ ಬಹುಕಾಲದ ಅಭಿಪ್ರಾಯ. ಸಾಬರ ಕೈಯಿಂದ ಕೊಡೆಯನ್ನು ಇದ್ದ ಹಾಗೆಯೇ ಈಸಿಕೊಂಡು, ಗುಂಡಿ ಒತ್ತುತ್ತ ಒತ್ತುತ್ತ, ಮಳೆಯಲ್ಲಿ ನೆನೆದುಕೊಂಡೇ ಮನೆ ಸೇರಿದೆ.