ನಾಣ್ಯದ ಮೇಲೆ ಚಿಮುಕಿಸಿದ ನೀರು

ಮೀನು ಮಾರುವ ದುರ್ಗಿ ಸೆರಗಿನ ಗಂಟು ಬಿಚ್ಚಿ, ಹತ್ತು ಬೆಳ್ಳಿ ರೂಪಾಯಿಗಳನ್ನು ನಮ್ಮ ಅಂಗಳದ ಕಲ್ಲಿನ ಮೇಲಿಟ್ಟಳು. ಯುದ್ಧದ ಕಾಲ, ನಾನು ತಲ್ಲೂರಿನಲ್ಲಿ ಹದಿನೆಂಟು ರೂಪಾಯಿ ಸಂಬಳದ ಮೇಷ್ಟ್ರು. ಮಗಳಿಗೆ ವಿಷಮಜ್ವರ. ಕುಂದಾಪುರದ ಸಾಹುಕಾರರು ಅಡವಿಲ್ಲದೆ ಸಾಲ ಕೊಡಲಿಲ್ಲ. ದಾರಿಯಲ್ಲಿ ಹೋಗುತ್ತಿದ್ದ ಇವಳು ನನ್ನ ಹೆಂಡತಿಯ ಅಳು ಕೇಳಿ ಒಳಬಂದಿದ್ದಳು.

“ಅಡವು ಎಂತದೂ ಬ್ಯಾಡ ಮಾಷ್ಟ್ರೆ,” ಎಂದವಳು ನಾಲ್ಕು ಹೆಜ್ಜೆ ಹಿಂದೆ ಸರಿದು, “ನೀರ್ ಹಾಯ್ಕಂಡ್ ತಕಣಿ” ಎಂದಳು.

ಅವಳು ಮುಟ್ಟಿದ್ದನ್ನು ಹಾಗೇ ಎತ್ತಿಕೊಳ್ಳುವ ರೂಢಿ ನಮ್ಮಲ್ಲಿರಲಿಲ್ಲ. ತಂಬಿಗೆ ತಂದು, ಅವಳೆದುರೇ ನೀರು ಚಿಮುಕಿಸಿ ಎತ್ತಿಕೊಂಡೆ.

ಮಗಳು ಉಳಿದಳು. ಮೂರು ತಿಂಗಳ ಮೇಲೆ ಸಾಲ ತೀರಿಸುವಾಗಲೂ ದುಡ್ಡನ್ನು ಅದೇ ಕಲ್ಲಿನ ಮೇಲಿಟ್ಟೆ. ಅವಳು ಅದನ್ನೆತ್ತಿ ಕಣ್ಣಿಗೊತ್ತಿಕೊಂಡಳು. ಕೈಗೇ ಕೊಡಬಹುದಿತ್ತೆಂದು ನನಗೆ ಹೊಳೆಯುವಷ್ಟರಲ್ಲಿ ಬುಟ್ಟಿ ಹೊತ್ತು ಹೊರಟುಹೋಗಿದ್ದಳು.