ಮುಂದೆ ಹೋದ ಸೀರೆ

ಹೋದ ವರ್ಷ ಗೌರಿ ಹಬ್ಬಕ್ಕೆ ಇನ್ನೊಂದು ತಿಂಗಳಿದೆ ಎನ್ನುವಾಗ ನಡೆದದ್ದು ಇದು. ಬೈರಾಪಟ್ಟಣದಲ್ಲಿ ನಮ್ಮ ಮನೆ, ಚನ್ನಪಟ್ಟಣದಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ. ಅಪ್ಪನಿಗೆ ನಾನೊಬ್ಬಳೇ ಮಗಳು. ಹಾಗಾಗಿ ಮದುವೆಯಾದ ಮೇಲೂ ಹುಟ್ಟಿದ ಮನೆಯಲ್ಲೇ ಉಳಿದವಳು. ನನ್ನ ಗಂಡ ಟೈಲ್ಸ್ ಹಾಕುವ ಕೆಲಸ ಮಾಡುತ್ತಾರೆ. ಸಿಟ್ಟು ಬಂದಾಗಲೆಲ್ಲ "ಮನೆ ಅಳಿಯನ ಮಾತು ಯಾರು ಕೇಳ್ತಾರೆ" ಎಂದು ಗೊಣಗುವುದು ಬಿಟ್ಟರೆ ಬೇರೆ ತೊಂದರೆ ಇಲ್ಲದ ಮನುಷ್ಯ.

ಮೂರು ವರ್ಷದ ಹಿಂದೆ ನಾವೊಂದು ಹಳೆಯ ಸಣ್ಣ ಕಾರು ಕೊಂಡೆವು. ಗಂಡನಿಗಿಂತ ಚೆನ್ನಾಗಿ ಕಲಿತವಳು ನಾನು. ಹೊಲಿಗೆ ಮೆಷಿನ್ ಚಕ್ರ ತಿರುಗಿಸಿದಷ್ಟು ಸುಲಭವಲ್ಲ ಎಂದು ಅವರು ಹೆದರಿಸಿದ್ದರು. ಕೂತು ನೋಡಿದರೆ ಅದಕ್ಕಿಂತಲೂ ಸುಲಭ. ಪವರ್ ಸ್ಟೇರಿಂಗ್ ಗಾಡಿ, ಒಂದು ಬೆರಳಿಟ್ಟರೆ ಸಾಕು, ತಿರುಗುತ್ತಿತ್ತು. ನಾನು ಓಡಿಸಿದ್ದು ಅದೊಂದೇ ಕಾರು. ಸ್ಟೇರಿಂಗ್ ಎಂದರೆ ಹೀಗೇ ಇರುತ್ತದೆ ಎಂದುಕೊಂಡಿದ್ದೆ.

ಅಪ್ಪನ ಒಬ್ಬಳೇ ತಂಗಿ ಲಕ್ಷ್ಮಮ್ಮತ್ತೆಯನ್ನು ಕೊಟ್ಟಿದ್ದು ಸಾತನೂರು ದಾಟಿ ಉಯ್ಯಂಬಳ್ಳಿ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿಗೆ. ಪ್ರತಿ ಗೌರಿ ಹಬ್ಬಕ್ಕೆ ತವರಿನ ಸೀರೆ ತೆಗೆದುಕೊಂಡು ಅಪ್ಪ ತಾವೇ ಹೋಗುತ್ತಿದ್ದರು. ಮೊದಲು ಬಸ್ಸಿನಲ್ಲಿ, ಆಮೇಲೆ ನನ್ನ ಗಂಡನ ಬೈಕಿನಲ್ಲಿ, ಈಚೆಗೆ ನನ್ನ ಕಾರಿನಲ್ಲಿ. ಸೀರೆಗೆ ರವಿಕೆ ಹೊಲಿಯುವುದು ನನ್ನ ಪಾಲು. ಅತ್ತೆಯ ಅಳತೆ ನನಗೆ ಬಾಯಿಪಾಠ. ಅಪ್ಪ ಅಂಗಳಕ್ಕೆ ಕಾಲಿಟ್ಟ ಕೂಡಲೇ ಅತ್ತೆ, ಈ ವಯಸ್ಸಲ್ಲಿ ಇಷ್ಟು ದೂರ ಯಾಕೆ ಬಂದೆ, ಯಾರ ಕೈಲಾದರೂ ಕಳಿಸಿದ್ದರೆ ಆಗುತ್ತಿರಲಿಲ್ಲವೇ ಎಂದು ಬೈಯುತ್ತಿದ್ದರು. ಬೈಯುತ್ತಲೇ ಕವರು ಬಿಚ್ಚಿ, ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು, "ಒಪ್ತೈತಾ ಅಣ್ಣ?" ಎಂದು ಕೇಳುತ್ತಿದ್ದರು. ಮೊಮ್ಮಕ್ಕಳಾದ ಮೇಲೂ ಅದೇ ಪ್ರಶ್ನೆ. "ನಿಂಗೆ ಒಪ್ದೆ ಇರೋದು ಯಾವುದೈತೆ" ಎಂದು ಅಪ್ಪನದೂ ಅದೇ ಉತ್ತರ.

ಆ ದಿನ ಬೆಳಗ್ಗೆ ಅತ್ತೆಯ ಮಗ ರಾಜಣ್ಣ ಬಾವನ ಫೋನು ಬಂತು. ಅತ್ತೆ ರಾತ್ರಿ ಮಲಗಿದವರು ಬೆಳಗ್ಗೆ ಏಳಲಿಲ್ಲ. ಅಪ್ಪ ಎದ್ದು ಶರ್ಟು ಹಾಕಿಕೊಂಡು, "ಸೀರೆ ತಗಾಬೇಕು ಕಣವ್ವ, ನಡಿ" ಎಂದರು.

ನಮ್ಮ ಕಡೆ, ಅತ್ತೆಯ ಹಾಗೆ, ಗಂಡ ಇರುವಾಗಲೇ ಹೆಂಡತಿ ಹೋದರೆ ತವರಿನ ಸೀರೆ ಬಾರದೆ ಹೆಣ ಎತ್ತುವುದಿಲ್ಲ. ತವರಿನವರು ಬಂದು, ಅರಿಶಿನ ಕುಂಕುಮ ಬಳೆ ಹೂವಿನ ಜೊತೆ ಸೀರೆ ಕೊಟ್ಟು, ಅದನ್ನು ಉಡಿಸಿದ ಮೇಲೆಯೇ ಮುಂದಿನದು. ಎಷ್ಟೇ ಹೊತ್ತಾದರೂ ಕಾಯುತ್ತಾರೆ. ಬಾವನೂ ಫೋನಿನಲ್ಲಿ, ಮಾವ ಬರುವ ತನಕ ಎತ್ತುವುದಿಲ್ಲ, ಗಾಬರಿಯಿಲ್ಲದೆ ಬನ್ನಿ ಎಂದಿದ್ದ.

ನನ್ನ ಗಂಡ ಕೆಲಸದ ಮೇಲೆ ಮಾಗಡಿಗೆ ಹೋಗಿದ್ದರು. ಅವರು ನೇರ ಅಲ್ಲಿಗೇ ಬರುವುದೆಂದು ಮಾತಾಯಿತು. ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಚನ್ನಪಟ್ಟಣದ ಅಂಗಡಿಗೆ ಹೋದೆ. ಅದಕ್ಕೆ ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಅಪ್ಪನ ಸೊಂಟಕ್ಕೆ ರಾಡು ಹಾಕಿದ್ದರು. ಕೋಲೂರಿಕೊಂಡೇ ಅಂಗಡಿಯ ಮೆಟ್ಟಿಲು ಹತ್ತಿ, ಎಷ್ಟೋ ಸೀರೆ ತೆಗೆಸಿ, ಕೊನೆಗೆ ಗಿಳಿ ಹಸಿರಿಗೆ ಕೆಂಪು ಅಂಚಿರುವುದನ್ನು ಹಿಡಿದರು. ನಾನು ಅರಿಶಿನ ಬಣ್ಣದ್ದು ತೋರಿಸಿದೆ. "ಅವ್ಳು ಹಸಿರೇ ಉಡೋದು" ಎಂದರು. ಕವರನ್ನು ಹಿಂದಿನ ಸೀಟಿನಲ್ಲಿ ಇಡಲು ಬಿಡದೆ ದಾರಿಯುದ್ದಕ್ಕೂ ತೊಡೆಯ ಮೇಲೆಯೇ ಇಟ್ಟುಕೊಂಡಿದ್ದರು.

ಸಾತನೂರು ದಾಟುವ ತನಕ ಏನೂ ಇಲ್ಲ. ಅಲ್ಲಿಂದ ಮುಂದೆ ಒಂದು ತಿರುವಿನಲ್ಲಿ ಎದುರಿನ ಗಾಜಿನ ಕೆಳಗೆ ಹಳದಿ ದೀಪವೊಂದು ಹೊತ್ತಿತು. ಅದೇ ಗಳಿಗೆಯಲ್ಲಿ ಸ್ಟೇರಿಂಗ್ ಕೈಯಲ್ಲಿ ಕಲ್ಲಾಯಿತು. ಎಡಕ್ಕೆ ತಿರುಗಿಸುತ್ತಿದ್ದೇನೆ, ಕಾರು ನೇರಕ್ಕೆ ಹೋಗುತ್ತಿದೆ. ಎದುರಿಗೆ ಹುಣಸೆ ಮರ, ಅದರ ಪಕ್ಕ ಹಳ್ಳ. ಬ್ರೇಕನ್ನು ಹೇಗೆ ತುಳಿದೆನೋ ಗೊತ್ತಿಲ್ಲ. ಮರಕ್ಕೆ ಒಂದು ಮಾರು ಇದೆ ಎನ್ನುವಾಗ ಕಾರು ಅರ್ಧ ರಸ್ತೆಯಲ್ಲಿ, ಅರ್ಧ ಮಣ್ಣಿನಲ್ಲಿ ನಿಂತಿತು. ಅಪ್ಪನ ಹಣೆ ಮುಂದಕ್ಕೆ ಬಡಿಯದಿದ್ದದ್ದು ಬೆಲ್ಟಿನ ಪುಣ್ಯ.

ನಿಂತಲ್ಲೇ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಎಳೆದು ನೋಡಿದೆ. ಜಗ್ಗಲಿಲ್ಲ. ಗಂಡನಿಗೆ ಫೋನು ಮಾಡಿದೆ. ಅವರು ನನಗಿಂತ ಹೆಚ್ಚು ಹೆದರಿ, "ಸ್ಟೇರಿಂಗ್ ಹೋದ ಗಾಡಿ ಒಂದಡಿನೂ ಓಡಿಸ್ಬೇಡ, ಮಾವ ಬೇರೆ ಪಕ್ಕದಲ್ಲವ್ರೆ" ಎಂದರು. ಅವರೇ ಸಾತನೂರಿನ ಒಂದು ಗ್ಯಾರೇಜಿನ ನಂಬರು ಹುಡುಕಿ ಕೊಟ್ಟರು. ಗ್ಯಾರೇಜಿನವನು ಕೈಯಲ್ಲಿರುವ ಕೆಲಸ ಮುಗಿಸಿ ಬರುವುದಾಗಿ ಹೇಳಿದ. ರಾಜಣ್ಣ ಬಾವನಿಗೂ ವಿಷಯ ತಿಳಿಸಿದೆ.

ಅಪ್ಪ ನನ್ನ ಕೈಯನ್ನೇ ನೋಡುತ್ತಿದ್ದರು. ಒಂದು ಕಾಲದಲ್ಲಿ ಎತ್ತಿನ ಗಾಡಿ ಹೊಡೆದವರು. "ತಿರುಗದೇ ಇಲ್ವೋ, ಇಲ್ಲಾ ಒಸಿ ಬಿಗಿ ಐತೋ?" ಎಂದು ಕೇಳಿದರು. ನನಗೆ ರೇಗಿತು. ಎರಡೂ ಒಂದೇ ಅಪ್ಪ, ನಿನಗೆ ಗೊತ್ತಾಗಲ್ಲ, ಸುಮ್ಮನೆ ಕೂತ್ಕೋ ಎಂದೆ. ಎರಡೂ ಒಂದೇ ಅಲ್ಲ ಎನ್ನುವುದು ಆಗ ನನಗೂ ಗೊತ್ತಿರಲಿಲ್ಲ.

ಗ್ಯಾರೇಜಿನವನು ಬರುವ ಮೊದಲೇ ಬೈಕಿನಲ್ಲಿ ಶಿವಣ್ಣ ಬಂದ. ಅತ್ತೆಯ ಮೈದುನನ ಮಗ ಅವನು, ಬಾವನೇ ಕಳಿಸಿದ್ದ. ಊರಿನಲ್ಲಿದ್ದ ಗೂಡ್ಸ್ ಆಟೋ ನೆಂಟರನ್ನು ಕರೆತರಲು ಕೋಡಿಹಳ್ಳಿಗೆ ಹೋಗಿದೆ, ಬಂದ ಕೂಡಲೇ ಇತ್ತ ಕಳಿಸುತ್ತೇವೆ ಎಂದ. ಆಮೇಲೆ ಅಪ್ಪನ ಕಡೆ ತಿರುಗಿ, "ಮಾವ, ಕೂತ್ಕತೀರಾ? ನಿಧಾನಕ್ಕೆ ಓಯ್ತೀನಿ" ಎಂದ.

ಅಪ್ಪ ಆಗಲೇ ಕೋಲು ಹಿಡಿದು ಇಳಿದಿದ್ದರು. "ಕೂತ್ಕತೀನಿ ಕಣಪ್ಪ" ಎಂದರು.

ನಾನು ಬಿಡಲಿಲ್ಲ. ಬೈಕ್ ಹತ್ತಲೇಬಾರದು ಎಂದು ಡಾಕ್ಟರು ಹೇಳಿದ್ದು ನನ್ನ ಕಿವಿಯಲ್ಲೇ ಇತ್ತು. ಮುಂದಿನ ದಾರಿ ಹೊಂಡದ ದಾರಿ. ಈಗಷ್ಟೇ ಒಂದು ಗಂಡಾಂತರದಿಂದ ತಪ್ಪಿಸಿಕೊಂಡ ಹೆದರಿಕೆ ಬೇರೆ. ಆಗ ನನಗೆ ಬುದ್ಧಿವಂತಿಕೆಯ ಯೋಚನೆಯೊಂದು ಹೊಳೆಯಿತು. ಹಾಗೆಂದೇ ಆಗ ಅನಿಸಿತ್ತು. ಶಿವಣ್ಣ ಸೀರೆಯನ್ನು ಮುಂದಾಗಿ ತೆಗೆದುಕೊಂಡು ಹೋಗಲಿ, ಹೆಂಗಸರು ಮೀಯಿಸಿ ಉಡಿಸುವಷ್ಟರಲ್ಲಿ ಆಟೋ ಬರುತ್ತದೆ, ನಾವು ಹೋಗಿ ಸೇರುತ್ತೇವೆ, ನಮ್ಮಿಂದ ಯಾರೂ ಕಾಯುವುದು ಬೇಡ ಎಂದೆ.

ಅಪ್ಪ ಕವರನ್ನು ಎದೆಗೆ ಹಿಡಿದುಕೊಂಡೇ, "ಸೀರೆ ನಾನೇ ಕೊಡಬೇಕಲ್ಲವ್ವ" ಎಂದರು. ಯಾರು ಕೊಟ್ಟರೇನು ಅಪ್ಪ, ನಮ್ಮನೆ ಸೀರೆ ತಾನೇ ಎಂದೆ. ಅವರು ಕವರಿನ ಮೇಲೊಮ್ಮೆ ಕೈಯಾಡಿಸಿ ಶಿವಣ್ಣನ ಕೈಗೆ ಕೊಟ್ಟರು.

ಅಲ್ಲಿಂದ ಒಂದು ಗಂಟೆಯ ಮೇಲಾಯಿತು. ಆಟೋ ಬರಲಿಲ್ಲ, ಗ್ಯಾರೇಜಿನವನೂ ಬರಲಿಲ್ಲ. ಹೋದ ಒಂದು ಬಸ್ಸು ಬಾಗಿಲಲ್ಲಿ ಜನ ನೇತಾಡುವಷ್ಟು ತುಂಬಿತ್ತು, ನಿಲ್ಲಿಸಲಿಲ್ಲ. ಬಾವನಿಗೆ ಫೋನು ಮಾಡಿದರೆ ಗಂಟೆ ಹೊಡೆದುಕೊಂಡು ಸುಮ್ಮನಾಗುತ್ತಿತ್ತು. ಕಬ್ಬಾಳು ಬೆಟ್ಟದ ಕಡೆಯಿಂದ ಮೋಡ ಕವಿಯತೊಡಗಿತು. ಅಪ್ಪ ಮಾತ್ರ ರಸ್ತೆಯನ್ನೇ ನೋಡುತ್ತ ಕೂತಿದ್ದರು. ನೀರು ಕೊಟ್ಟರೆ ಬೇಡವೆಂದರು.

ಅಷ್ಟರಲ್ಲಿ ಹಿಂದಿನಿಂದ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಬಂದು ನಿಂತಿತು. ನನ್ನ ಕಾರಿನ ಹಿಂಭಾಗ ರಸ್ತೆಯಲ್ಲಿದ್ದುದರಿಂದ, ಬಸ್ಸು ನುಸುಳಿಕೊಂಡು ಹೋದ ಜಾಗ ಅಷ್ಟಗಲದ ಹೇರಿಗೆ ಸಾಲಲಿಲ್ಲ. ಹಾರನ್ ಮೇಲೆ ಕೈಯಿಟ್ಟವನು ಬಿಡಲೇ ಇಲ್ಲ. ಬೇರೆ ದಾರಿಯಿಲ್ಲದೆ ಎಂಜಿನ್ ಶುರು ಮಾಡಿ, ಹಿಂದಕ್ಕೂ ಮುಂದಕ್ಕೂ ಒಂದಿಷ್ಟು ಉರುಳಿಸಿ ಸ್ಟೇರಿಂಗ್ ಎಳೆದೆ. ತಿರುಗಿತು.

ರುಬ್ಬುಗುಂಡು ತಿರುಗಿಸಿದಷ್ಟು ಭಾರ. ಆದರೆ ತಿರುಗಿತು. ಕಾರು ಉರುಳುತ್ತಿದ್ದರೆ ಭಾರ ಕಮ್ಮಿಯಾಗುತ್ತದೆ, ನಿಂತಾಗಲೇ ಅದು ಕಲ್ಲು. ಹೋಗಿದ್ದು ಮೋಟಾರಿನ ಸಹಾಯ ಮಾತ್ರ, ಚಕ್ರವೆಲ್ಲ ನೆಟ್ಟಗೇ ಇತ್ತು. ಟ್ರ್ಯಾಕ್ಟರ್ ದಾಟಿ ಹೋಯಿತು. ನಾನು ಅಪ್ಪನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. "ಓಯ್ತದಾ?" ಎಂದರು. ಹೋಗುತ್ತದೆ ಅಪ್ಪ ಎಂದೆ.

ಎರಡನೇ ಗೇರಿನಲ್ಲಿ, ಹೆಗಲು ಕಿತ್ತುಬರುವಂತೆ ಎಳೆಯುತ್ತ, ಪ್ರತಿ ತಿರುವಿಗೂ ದೇವರನ್ನು ನೆನೆಯುತ್ತ ಹೋದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ.

ಊರ ಬಾಗಿಲಲ್ಲೇ ಗುದ್ದಲಿ ಹೊತ್ತ ಇಬ್ಬರು ಎದುರಾದರು. ಕಾಲೆಲ್ಲ ಹಸಿ ಮಣ್ಣು. ಅವರ ಹಿಂದೆ ಒದ್ದೆ ತಲೆಯ ಗಂಡಸರು ಬರುತ್ತಿದ್ದರು. ಅಪ್ಪ ಕಾರು ನಿಲ್ಲಿಸಲು ಹೇಳಿ, ಕಿಟಕಿಯಿಂದಲೇ, "ಎತ್ತ್‌ಬುಟ್ರಾ?" ಎಂದು ಕೇಳಿದರು.

ರಾಜಣ್ಣ ಬಾವ ಓಡಿ ಬಂದು ಅಪ್ಪನ ಕೈ ಹಿಡಿದುಕೊಂಡು ಅತ್ತ. ಗುಂಡಿ ತೆಗೆದಾಗಿತ್ತು, ಮಳೆ ಬಂದರೆ ನೀರು ತುಂಬುತ್ತದೆ ಎಂದು ಹಿರಿಯರು ಅವಸರ ಮಾಡಿದರಂತೆ. ಶಿವಣ್ಣ ಎಷ್ಟು ಹೇಳಿದರೂ ಕೇಳಲಿಲ್ಲವಂತೆ. ಸೀರೆ ಬಂತಲ್ಲ, ಅಂದರೆ ತವರು ಬಂದಂತೆಯೇ, ಸೊಂಟ ಮುರಿದವರನ್ನು ಯಾಕೆ ಅಲೆಸುವುದು ಎಂದು ಆಟೋವನ್ನೂ ತಡೆದರಂತೆ. ತಮಟೆ ಸದ್ದಿನಲ್ಲಿ ಫೋನೂ ಕೇಳಿಸಿಲ್ಲ. "ಸೀರೆ ಬರ್ದೇ ಇದ್ದಿದ್ರೆ ನಾಳೆಗಂಟ ಆದ್ರೂ ಕಾಯ್ತಿದ್ದೋ ಮಾವ" ಎಂದ.

ಅವನು ನನ್ನನ್ನು ನೋಯಿಸಲು ಹೇಳಿದ್ದಲ್ಲ. ಆದರೆ ಆ ಮಾತು ಇವತ್ತಿಗೂ ನನ್ನ ಎದೆಯಿಂದ ಇಳಿದಿಲ್ಲ. ನಾನು ಸುಮ್ಮನೆ ಕೂತಿದ್ದರೆ ಸಾಕಿತ್ತು. ನಾವು ಕುಂಟುತ್ತ ಎಷ್ಟು ಹೊತ್ತಿಗೆ ಬಂದಿದ್ದರೂ ಅತ್ತೆ ಅಂಗಳದಲ್ಲಿ ಅಣ್ಣನಿಗಾಗಿ ಕಾದಿರುತ್ತಿದ್ದರು. ಅವರನ್ನು ಅಲ್ಲಿ ಹಿಡಿದಿಟ್ಟಿದ್ದ ಒಂದೇ ವಸ್ತುವನ್ನು ನಾನೇ ಮುಂದೆ ಕಳಿಸಿಬಿಟ್ಟಿದ್ದೆ.

ಅಪ್ಪ ಅಳಲಿಲ್ಲ. ಬಾವನ ಹೆಗಲು ಹಿಡಿದು ಹೊಲಕ್ಕೆ ನಡೆದು, ಹಸಿ ಮಣ್ಣಿನ ಮೇಲೆ ಒಂದು ಹಿಡಿ ಮಣ್ಣು ಹಾಕಿದರು. ಮನೆಗೆ ಬಂದು ಜಗಲಿಯ ಮೇಲೆ ಕೂತರು. ಅತ್ತೆಗೆ ಸೀರೆ ಉಡಿಸಿದ ಮುದುಕಿಯೊಬ್ಬರು ಅಲ್ಲೇ ಕಂಬಕ್ಕೆ ಒರಗಿದ್ದರು. ಅಪ್ಪ ಅವರ ಕಡೆ ತಿರುಗಿ, ಮೆಲ್ಲಗೆ ಕೇಳಿದರು:

"ಒಪ್ತಿತ್ತಾ?"

"ಒಪ್ತಿತ್ತು ಕಣಪ್ಪ" ಎಂದರು ಮುದುಕಿ. "ಮದುವಣಗಿತ್ತಿ ಹಂಗಿದ್ಲು."

ನಾನು ಎದ್ದು ಹಿತ್ತಲಿಗೆ ಹೋದೆ. ಅಲ್ಲಿ ನಿಂತು ಎಷ್ಟು ಹೊತ್ತು ಅಳುತ್ತಿದ್ದೆನೋ. ಅಂದು ಮಳೆ ಒಂದು ಹನಿಯೂ ಬೀಳಲಿಲ್ಲ.

ಸಂಜೆ ನನ್ನ ಗಂಡ ಬಾಡಿಗೆ ಕಾರಿನಲ್ಲಿ ಬಂದು ನಮ್ಮನ್ನು ಕರೆದುಕೊಂಡು ಹೋದರು. ಕಾರನ್ನು ಮಾರನೆಯ ದಿನ ರಿಪೇರಿಗೆ ಎಳೆಸಿದೆವು. ಎಂಥದೋ ವೈರು ಹೋಗಿತ್ತಂತೆ. ಈಗ ಮತ್ತೆ ಒಂದೇ ಬೆರಳಿಗೆ ತಿರುಗುತ್ತದೆ. ನಾನು ಮಾತ್ರ ಎರಡೂ ಕೈಯಲ್ಲಿ ಹಿಡಿಯುತ್ತೇನೆ. ಅಪ್ಪ ಆ ದಿನದ ಬಗ್ಗೆ ಮಾತೆತ್ತಲಿಲ್ಲ. ನಾನೇ ಒಂದು ಸಲ ತಪ್ಪಾಯಿತು ಅಪ್ಪ ಎಂದಾಗ, ಎಲ್ಲ ಅವಳ ಋಣ, ನೀನೇನು ಮಾಡುತ್ತೀಯ ಎಂದು ಎದ್ದು ಹೋದರು. ಮನಸ್ಸಿಗೆ ಹಚ್ಚಿಕೊಂಡಿಲ್ಲವೇನೋ ಎಂದು ನಾನೂ ಸಮಾಧಾನ ಮಾಡಿಕೊಂಡಿದ್ದೆ.

ಈ ಬೇಸಿಗೆಯಲ್ಲಿ ನಮ್ಮ ಬೀದಿಯಲ್ಲೇ ಒಬ್ಬ ಹೆಂಗಸು ತೀರಿಕೊಂಡರು. ಅವರಿಗೂ ಗಂಡ ಇದ್ದರು. ತವರು ದೂರ, ಅಕ್ಕ ಬರುವುದು ತಡವಾಗುತ್ತದೆಂದು ಅಲ್ಲಿಂದ ಸೀರೆಯನ್ನು ಯಾರದೋ ಬೈಕಿನಲ್ಲಿ ಮುಂದಾಗಿ ಕಳಿಸಿದ್ದರು. ಉಡಿಸಿದ್ದೂ ಆಯಿತು. ಬಿಸಿಲು ಜಾಸ್ತಿ, ಇನ್ನು ಎತ್ತೋಣ ಎಂದು ನಾಲ್ವರು ಬಗ್ಗಿದರು.

ಅಪ್ಪ ನಮ್ಮ ಜಗಲಿಯಿಂದ ಎದ್ದದ್ದು ಕಂಡಿತು. ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಕೋಲೂರಿಕೊಂಡು ಜನರ ನಡುವೆ ನುಗ್ಗಿ, ಚಟ್ಟದ ಬಿದಿರಿನ ಮೇಲೆ ಕೈಯಿಟ್ಟರು.

"ಸೀರೆ ಬಂದ್ರೆ ತವರು ಬಂದಂಗಲ್ಲ ಕಣ್ರಪ್ಪ" ಎಂದರು. "ಅವ್ರಕ್ಕ ಬರ್ಲಿ. ಮುಖ ನೋಡ್ಲಿ. ಆಮೇಲೆ ಎತ್ತೀರಂತೆ."

ಬಗ್ಗಿದ್ದವರು ಹಿಂದೆ ಸರಿದರು. ಆ ಅಕ್ಕ ಬರುವ ತನಕ ಅಪ್ಪ ಬಿದಿರಿನಿಂದ ಕೈ ತೆಗೆಯಲಿಲ್ಲ. ಇಷ್ಟು ತಿಂಗಳು ನನಗೆ ಹೇಳದೆ ಉಳಿಸಿಕೊಂಡಿದ್ದ ಮಾತನ್ನು ಊರಿನವರ ಮುಂದೆ ಹೇಳಿ ನಿಂತಿದ್ದ ಅಪ್ಪನನ್ನು ನಾನು ನಮ್ಮ ಬಾಗಿಲಿನಿಂದ ನೋಡುತ್ತಿದ್ದೆ. ಹತ್ತಿರ ಹೋಗುವ ಧೈರ್ಯ ಬರಲಿಲ್ಲ.